ಬೇಲರ್ ಕೊಳ್ಳುವ ಮೊದಲು ಒಣ ದಿನಗಳನ್ನು ಎಣಿಸಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಈಚೆಗೆ ಪ್ರಕಟವಾದ, ಸ್ವಂತ ಯಂತ್ರಗಳನ್ನು ಇಟ್ಟುಕೊಂಡು ಒಣಮೇವು ತಯಾರಿಸಿ ಮಾರುವ ಸಣ್ಣ ಉದ್ಯಮದ ಕುರಿತ ಲೇಖನವನ್ನು ಎರಡು ಸಲ ಓದಿದೆ. ಹಲವು ವರ್ಷಗಳಿಂದ ಇದೇ ಕೆಲಸ ಮಾಡಿಕೊಂಡು ಬಂದವನಾದ್ದರಿಂದ ಈ ವಿಷಯಕ್ಕೆ ಇಡೀ ಒಂದು ಪುಟ ಸಿಕ್ಕಿದ್ದನ್ನು ಕಂಡು ಸಂತೋಷವೇ ಆಯಿತು. ಆದರೆ ಲೇಖನದ ನಡುವೆ ಚೌಕಟ್ಟಿನಲ್ಲಿ ಕೊಟ್ಟಿದ್ದ ಲಾಭದ ಲೆಕ್ಕದ ಹತ್ತಿರ ಬಂದು ನಿಲ್ಲಬೇಕಾಯಿತು. ಒಣಹುಲ್ಲನ್ನು ಒತ್ತಿ ಪೆಂಡಿ ಮಾಡುವ ಬೇಲರ್ ಯಂತ್ರ ಗಂಟೆಗೆ ಇಷ್ಟು ಪೆಂಡಿ ಕಟ್ಟುತ್ತದೆ, ದಿನಕ್ಕೆ ಎಂಟು ಗಂಟೆ ಓಡಿಸಿದರೆ ಇಷ್ಟು, ತಿಂಗಳಿಗೆ ಇಷ್ಟು ಎಂದು ಗುಣಿಸುತ್ತಾ ಹೋಗುವ ಆ ಲೆಕ್ಕ ಹಿಟ್ಟಿನ ಗಿರಣಿಗೆ ಹೊಂದುತ್ತದೆ, ಹುಲ್ಲಿಗೆ ಹೊಂದುವುದಿಲ್ಲ. ಅದನ್ನು ನಂಬಿ ಸಾಲ ಮಾಡಿ ಯಂತ್ರ ತರುವ ಹೊಸಬರು ಮೊದಲ ವರ್ಷವೇ ಕೈ ಸುಟ್ಟುಕೊಳ್ಳುತ್ತಾರೆಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ.

ಈ ಉದ್ಯಮದಲ್ಲಿ ಎಲ್ಲಕ್ಕಿಂತ ಕೊರತೆಯಾಗುವ ಸರಕೆಂದರೆ ಒಂದರ ಹಿಂದೊಂದು ಬರುವ ಮೂರು ನಾಲ್ಕು ಒಣ ದಿನಗಳು. ಹುಲ್ಲು ಬಲಿತು ಹದಕ್ಕೆ ಬಂದಿರುವ ಕೆಲವೇ ವಾರಗಳಲ್ಲಿ ಅಂಥ ದಿನಗಳ ಗೊಂಚಲು ಎಷ್ಟು ಸಲ ಸಿಗುತ್ತದೆ, ಪ್ರತಿ ಸಲವೂ ಎಷ್ಟು ಎಕರೆ ಕೊಯ್ದು, ಒಣಗಿಸಿ, ಕಟ್ಟಿ, ಸೂರಿನ ಕೆಳಗೆ ಸೇರಿಸಲು ಸಾಧ್ಯ ಎಂಬುದರ ಮೇಲೆ ಇಡೀ ವ್ಯಾಪಾರ ನಿಂತಿದೆ. ಸ್ವಂತ ಯಂತ್ರ ಬೇಕಾಗುವುದೂ ಈ ಕಾರಣಕ್ಕೇ. ಬಾಡಿಗೆ ಯಂತ್ರ ಅಗ್ಗವಾಗಬಹುದು, ಆದರೆ ಅದು ನಮ್ಮ ಹುಲ್ಲು ಒಣಗಿದ ಮಧ್ಯಾಹ್ನ ಬರದೆ ಮರುದಿನ ಸಂಜೆ, ಮೋಡ ಕವಿದ ಮೇಲೆ ಬರುತ್ತದೆ. ನಾವು ಯಂತ್ರಕ್ಕೆ ಕೊಡುವ ಹಣವೆಲ್ಲ ಆ ಒಂದು ಮಧ್ಯಾಹ್ನಕ್ಕೆ ಕೊಟ್ಟ ಹಣ ಎಂದು ತಿಳಿದರೆ ಯಾವ ಯಂತ್ರ, ಎಷ್ಟು ದೊಡ್ಡದು, ಯಾವುದು ಮೊದಲು ಎಂಬ ಪ್ರಶ್ನೆಗಳಿಗೆಲ್ಲ ಬೇರೆಯೇ ಉತ್ತರ ಬರುತ್ತದೆ.

ಮುಂದೆ ಹೋಗುವ ಮೊದಲು ಒಂದು ಮಾತಿನ ಗೊಂದಲವನ್ನು ಬಿಡಿಸಬೇಕು. ಒಣಹುಲ್ಲು ಎಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಕಾಳು ಒಕ್ಕಿದ ಮೇಲೆ ಉಳಿಯುವ ಹುಲ್ಲು, ಅದರ ಬಣವೆ. ಲೇಖನವೂ ಇದನ್ನೂ ಮೇವಿಗೆಂದೇ ಒಣಗಿಸಿದ ಹುಲ್ಲನ್ನೂ ಒಂದೇ ಹೆಸರಿನಿಂದ ಕರೆದಿದೆ. ಕಾಳು ಒಕ್ಕಿದ ಹುಲ್ಲೆಂದರೆ ಕಾಳಿಗೆ ತನ್ನ ಸಾರವನ್ನೆಲ್ಲ ಕೊಟ್ಟು ಬಳಲಿದ ದಂಟು. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಸಾಮಾನ್ಯವಾಗಿ ಶೇ 3ರಿಂದ 5ರಷ್ಟಿರುತ್ತದೆ. ನಾನು ಇಲ್ಲಿ ಹೇಳುತ್ತಿರುವುದು ಹಸಿರಿರುವಾಗಲೇ, ಮೇವಿಗೆಂದೇ ಕೊಯ್ದು ಒಣಗಿಸಿದ ಹುಲ್ಲಿನ ವಿಷಯ. ಸಕಾಲದಲ್ಲಿ ಕೊಯ್ದ ಒಳ್ಳೆಯ ಹುಲ್ಲಿನಲ್ಲಿ ಪ್ರೋಟೀನ್ ಶೇ 8ರಿಂದ 12ರವರೆಗೂ, ಲೂಸರ್ನ್ ಎಂದೂ ಕರೆಯುವ ಕುದುರೆ ಮಸಾಲೆಯಂಥ ದ್ವಿದಳ ಮೇವಿನಲ್ಲಿ ಶೇ 17–20ರವರೆಗೂ ಇರುತ್ತದೆ. ಮೊದಲನೆಯದನ್ನು ಕಟ್ಟುವುದು ಸುಲಭ, ಏಕೆಂದರೆ ಅದು ಬಹುಪಾಲು ಒಣಗಿಯೇ ಬಂದಿರುತ್ತದೆ. ಎರಡನೆಯದರಲ್ಲಿ ಕಷ್ಟವೆಲ್ಲ ನೀರಿನದು.

ಆ ನೀರು ಎಷ್ಟೆಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ನಿಂತ ಎಳೆ ಹುಲ್ಲಿನ ತೂಕದಲ್ಲಿ ಶೇ 75ರಿಂದ 80 ಭಾಗ ನೀರೇ. ಪೆಂಡಿ ಕಟ್ಟುವ ಹೊತ್ತಿಗೆ ಅದು ಶೇ 15ರ ಆಸುಪಾಸಿಗೆ ಇಳಿದಿರಬೇಕು. ಅಂದರೆ ಮಾರಾಟಕ್ಕೆ ಸಿದ್ಧವಾದ 1,000 ಕಿಲೋ ಒಣಮೇವಿನಲ್ಲಿ 850 ಕಿಲೋ ನಿಜವಾದ ಹುಲ್ಲು ಇರುತ್ತದೆ. ಶೇ 80 ನೀರಿರುವ ಹಸಿರು ಹುಲ್ಲಿನಿಂದ ಅದನ್ನು ಪಡೆಯಬೇಕಾದರೆ 4,250 ಕಿಲೋ ಕೊಯ್ಯಬೇಕು. ನಡುವಿನ 3,250 ಕಿಲೋ, ಅಂದರೆ ಮೂರೂಕಾಲು ಸಾವಿರ ಲೀಟರ್ ನೀರು, ಬಿಸಿಲಿಗೂ ಗಾಳಿಗೂ ಸಿಕ್ಕಿ ಎರಡು ಮೂರು ದಿನಗಳಲ್ಲಿ ಆವಿಯಾಗಿ ಹೋಗಬೇಕು. ಯಾವ ಬೇಲರ್‌ಗೂ ಈ ಕೆಲಸ ಬರುವುದಿಲ್ಲ. ಲೇಖನದ ಲೆಕ್ಕದಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ.

ನೀರು ಒಂದೇ ವೇಗದಲ್ಲಿ ಹೋಗುವುದೂ ಇಲ್ಲ. ಕೊಯ್ದ ಮೊದಲ ಕೆಲವು ಗಂಟೆಗಳಲ್ಲಿ ಎಲೆಯ ಸೂಕ್ಷ್ಮರಂಧ್ರಗಳು ಇನ್ನೂ ತೆರೆದಿರುತ್ತವೆ, ಬಿಸಿಲು ಬಿದ್ದಷ್ಟು ಹೊತ್ತು ನೀರು ಸಲೀಸಾಗಿ ಹೊರಬರುತ್ತದೆ. ಕೊಯ್ದ ಹುಲ್ಲನ್ನು ಕೂಡಲೇ ದಪ್ಪ ಸಾಲಾಗಿ ಒತ್ತಿದರೆ ಒಳಗಿನ ಎಲೆಗಳಿಗೆ ಕತ್ತಲಾಗಿ ಆ ಬಾಗಿಲುಗಳು ಮುಚ್ಚಿಬಿಡುತ್ತವೆ. ಹೊಸಬರು ಮಾಡುವ ಮೊದಲ ತಪ್ಪೇ ಇದು: ಸಾಲು ಅಚ್ಚುಕಟ್ಟಾಗಿ ಕಾಣಲೆಂದು, ಹುಲ್ಲು ಕೊಯ್ಯುವ ಯಂತ್ರವಾದ ಮೋವರ್‌ನ ಹಿಂದಿನ ತಗಡುಗಳನ್ನು ಬಿಗಿ ಮಾಡಿ ಹುಲ್ಲನ್ನು ಗುಡ್ಡೆ ಹಾಕುತ್ತಾರೆ. ಕೊಯ್ದ ಅಗಲದ ಮುಕ್ಕಾಲು ಪಾಲಾದರೂ ಹುಲ್ಲು ತೆಳುವಾಗಿ ಹರಡಿ ಬೀಳುವಂತೆ ಬಿಟ್ಟರೆ ಅರ್ಧ ದಿನ ಉಳಿಯುತ್ತದೆ, ಅದಕ್ಕೆ ಪೈಸೆ ಖರ್ಚಿಲ್ಲ. ಇದಲ್ಲದೆ ಕೊಯ್ದ ಮೇಲೂ ಹುಲ್ಲು ಉಸಿರಾಡುತ್ತಲೇ ಇರುತ್ತದೆ. ತೇವಾಂಶ ಶೇ 40ಕ್ಕಿಂತ ಕೆಳಗಿಳಿಯುವವರೆಗೂ ಅದು ತನ್ನದೇ ಸಕ್ಕರೆಯನ್ನು ಸುಡುತ್ತದೆ, ಆದ್ದರಿಂದ ತಡವಾದಷ್ಟೂ ತೂಕವೂ ಸತ್ವವೂ ಸೋರಿಹೋಗುತ್ತವೆ.

ದಂಟಿನ ವಿಷಯವೇ ಬೇರೆ. ಎಲೆ ಒಣಗಿ ಗರಿಗರಿಯಾದ ಹೊತ್ತಿಗೂ ದಂಟಿನೊಳಗೆ ಹಸಿ ಉಳಿದಿರುತ್ತದೆ. ಕುದುರೆ ಮಸಾಲೆಯಂಥ ದಪ್ಪ ದಂಟಿನ ಮೇವಿಗೆ ಕಂಡಿಷನರ್ ಇರುವ ಮೋವರ್, ಅಂದರೆ ಎರಡು ಉರುಳೆಗಳ ನಡುವೆ ದಂಟನ್ನು ಹಿಸುಕಿ ಬಿರಿಯಿಸುವ ಯಂತ್ರ, ಸುಮಾರು ಒಂದು ದಿನವನ್ನು ಉಳಿಸಿಕೊಡುತ್ತದೆ. ತೆಳ್ಳಗಿನ ಹುಲ್ಲಿಗೆ ಅದಿಲ್ಲದೆಯೂ ನಡೆಯುತ್ತದೆ. ದ್ವಿದಳ ಮೇವಿನ ಪ್ರೋಟೀನ್‌ನ ಹೆಚ್ಚಿನ ಪಾಲು ಎಲೆಯಲ್ಲಿದೆ. ಮಟಮಟ ಮಧ್ಯಾಹ್ನ, ಎಲೆ ಮುಟ್ಟಿದರೆ ಪುಡಿಯಾಗುವಾಗ, ಹುಲ್ಲನ್ನು ತಿರುವಿ ಸಾಲು ಮಾಡುವ ಯಂತ್ರವಾದ ರೇಕ್ ಓಡಿಸಿದರೆ ಪೆಂಡಿಯಲ್ಲಿ ದಂಟು ಉಳಿಯುತ್ತದೆ, ಎಲೆಯೆಲ್ಲ ನೆಲಕ್ಕೆ ಗೊಬ್ಬರವಾಗುತ್ತದೆ. ಮುಂಜಾನೆಯ ಇಬ್ಬನಿ ಇನ್ನೂ ಪೂರ್ತಿ ಆರದೆ ಎಲೆ ಬಾಗುವಂತಿರುವಾಗಲೇ ತಿರುವಿ ಸಾಲು ಮಾಡಬೇಕು. ಕೊಯ್ಯುವ ಎತ್ತರವನ್ನೂ ಮರೆಯಬಾರದು. ನೆಲಕ್ಕೆ ತಾಗಿಸಿ ಕೊಯ್ದರೆ ತೂಕ ಹೆಚ್ಚುತ್ತದೆಂಬುದು ಭ್ರಮೆ, ಹೆಚ್ಚುವುದು ಮಣ್ಣಿನ ತೂಕ. ನಾಲ್ಕು ಬೆರಳು ಕೂಳೆ ಬಿಟ್ಟರೆ ಕೊಯ್ದ ಹುಲ್ಲು ಅದರ ಮೇಲೆ ಎತ್ತರದಲ್ಲಿ ಮಲಗುತ್ತದೆ, ಅಡಿಯಿಂದಲೂ ಗಾಳಿಯಾಡುತ್ತದೆ, ಮುಂದಿನ ಚಿಗುರೂ ಬೇಗ ಬರುತ್ತದೆ.

ಯಾವಾಗ ಕೊಯ್ಯಬೇಕೆಂಬುದಕ್ಕೆ ಹುಲ್ಲೇ ಗುರುತು ಕೊಡುತ್ತದೆ. ಹೊಡೆ ತುಂಬಿ ತೆನೆ ಇಣುಕತೊಡಗಿದಾಗ ತೂಕಕ್ಕೂ ಸತ್ವಕ್ಕೂ ಹೊಂದಿಕೆಯಾದ ಹದ ಇರುತ್ತದೆ. ಅಲ್ಲಿಂದ ಮುಂದೆ ಪ್ರತಿ ದಿನವೂ ರಾಶಿ ಬೆಳೆಯುತ್ತದೆ, ದಂಟು ಕಟ್ಟಿಗೆಯಾಗುತ್ತದೆ. ದೊಡ್ಡ ರಾಶಿಯ ಆಸೆಗೆ ಕಾಯುವವರನ್ನು ನಾನು ದೂಷಿಸಲಾರೆ, ನಾನೂ ಕಾದವನೇ. ಆದರೆ ಒಮ್ಮೆ ಒರಟು ದಂಟಿನ ಪೆಂಡಿ ಕೊಂಡು, ದನ ಅರ್ಧ ಬಿಟ್ಟದ್ದನ್ನು ಗೋದಲಿಯಿಂದ ಎತ್ತಿ ಹಾಕಿದ ಗಿರಾಕಿ ಮರುವರ್ಷ ಬರುವುದಿಲ್ಲ.

ಈಗ ಯಂತ್ರಗಳ ವಿಷಯಕ್ಕೆ ಬರುತ್ತೇನೆ. ಲೇಖನವು ಬೇಲರ್‌ನಿಂದ ಆರಂಭಿಸಿ ಶೆಡ್ಡಿನಲ್ಲಿ ಮುಗಿಸಿದೆ. ಸೀಮಿತ ಬಂಡವಾಳದವರಿಗೆ ನನ್ನ ಸಲಹೆ ಅದರ ತಿರುಗುಮುರುಗು. ಮೊದಲು ಸೂರು, ಆಮೇಲೆ ಮೋವರ್ ಮತ್ತು ರೇಕ್, ಕಡೆಗೆ ಬೇಲರ್. ಮೊದಲ ವರ್ಷ ಬೇಲರ್ ಒಂದನ್ನೇ ಬಾಡಿಗೆಗೆ ತಂದು, ಉಳಿದ ಕೆಲಸವನ್ನು ನಮ್ಮ ಕೈಯಲ್ಲಿಟ್ಟುಕೊಂಡರೆ ಒಣಗಿಸುವ ವಿದ್ಯೆ ಕಡಿಮೆ ಖರ್ಚಿನಲ್ಲಿ ಕೈಗೆ ಬರುತ್ತದೆ, ಬಾಡಿಗೆಯವನು ತಡವಾಗಿ ಬಂದು ಕೆಟ್ಟದ್ದೆಷ್ಟು ಎಂಬುದರ ಲೆಕ್ಕವೂ ಸಿಗುತ್ತದೆ. ಆ ನಷ್ಟ ಬೇಲರ್‌ನ ವರ್ಷದ ಸವಕಳಿ, ಬಡ್ಡಿ ಮತ್ತು ರಿಪೇರಿಗಿಂತ ಹೆಚ್ಚಾದಾಗ ಬೇಲರ್ ಕೊಳ್ಳುವ ಕಾಲ ಬಂದಿದೆ ಎಂದರ್ಥ, ಅದಕ್ಕಿಂತ ಮೊದಲು ಬಂದಿರುವುದಿಲ್ಲ.

ಮೋವರ್‌ಗಳಲ್ಲಿ ಕತ್ತರಿಯಂತೆ ಆಡುವ ಉದ್ದ ಅಲಗಿನದು ಹಗುರ, ಸಣ್ಣ ಟ್ರ್ಯಾಕ್ಟರ್‌ಗೂ ಸಾಕು, ಆದರೆ ಮಲಗಿದ ಹುಲ್ಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಡ್ರಮ್ ಮೋವರ್ ಭಾರ, ಅಷ್ಟೇ ಗಟ್ಟಿ. ಡಿಸ್ಕ್ ಮೋವರ್ ಇವೆರಡಕ್ಕಿಂತ ವೇಗವಾಗಿ ಕೊಯ್ಯುತ್ತದೆ, ಕಲ್ಲು ಬಡಿದರೆ ರಿಪೇರಿಗೆ ಅಷ್ಟೇ ವೇಗವಾಗಿ ಹಣ ತಿನ್ನುತ್ತದೆ. ರೇಕ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ, ಹಳೆಯದಾದರೂ ಹಲ್ಲುಗಳೆಲ್ಲ ಇದ್ದರೆ ಸಾಕು.

ಬೇಲರ್‌ನಲ್ಲಿ ಚೌಕ ಪೆಂಡಿಯೋ ಉರುಳೆ ಪೆಂಡಿಯೋ ಎಂಬ ಪ್ರಶ್ನೆಗೆ ಉತ್ತರ ಎತ್ತುವವರು ಯಾರು ಎಂಬುದರಲ್ಲಿದೆ. ಒಂದು ಒಣ ಗೊಂಚಲಿನಲ್ಲಿ 18 ಕಿಲೋದ 400 ಚೌಕ ಪೆಂಡಿಗಳನ್ನು ಕಟ್ಟಿದೆವೆನ್ನೋಣ. ಅದು 7,200 ಕಿಲೋ. ಹೊಲದಿಂದ ಟ್ರಾಲಿಗೆ, ಟ್ರಾಲಿಯಿಂದ ಶೆಡ್ಡಿಗೆ, ಶೆಡ್ಡಿನಿಂದ ಗಿರಾಕಿಯ ಗಾಡಿಗೆ ಎಂದು ಕಡಿಮೆಯೆಂದರೂ ಮೂರು ಸಲ ಎತ್ತಬೇಕು; ಒಟ್ಟು 21,600 ಕಿಲೋ ಭಾರ ಮನುಷ್ಯರ ಸೊಂಟದ ಮೇಲೆ ಹೋಗುತ್ತದೆ. ಮೊದಲ ಎರಡು ಎತ್ತುವಿಕೆ ಅದೇ ದಿನ ಕತ್ತಲಾಗುವ ಮೊದಲು ಮುಗಿಯಬೇಕು. ಹೀಗಾಗಿ ಗಂಟೆಗೆ ಎಷ್ಟು ಪೆಂಡಿ ಬೀಳುತ್ತದೆ ಎಂಬುದಕ್ಕಿಂತ ಗಂಟೆಗೆ ಎಷ್ಟು ಪೆಂಡಿ ಸೂರು ಸೇರುತ್ತದೆ ಎಂಬುದೇ ನಮ್ಮ ನಿಜವಾದ ವೇಗ. ಈ ಕಷ್ಟಕ್ಕೆ ಉತ್ತರವಾಗಿಯೇ ಅಮೆರಿಕದ ಗ್ಯಾರಿ ವರ್ಮೀರ್ 1971ರಲ್ಲಿ ದೊಡ್ಡ ಉರುಳೆ ಪೆಂಡಿಯ ಬೇಲರ್ ತಂದರು, ಒಬ್ಬನೇ ಟ್ರ್ಯಾಕ್ಟರ್ ಮೇಲೆ ಕುಳಿತು ಹುಲ್ಲಿನ ಕೆಲಸವನ್ನು ನಿಭಾಯಿಸಲೆಂದು. ಆದರೆ ಉರುಳೆ ಪೆಂಡಿಯನ್ನು ಕೊಳ್ಳುವವನ ಹತ್ತಿರವೂ ಅದನ್ನು ಇಳಿಸುವ ಯಂತ್ರ ಇರಬೇಕು. ನಾಲ್ಕು ದನ, ಹತ್ತು ಕುರಿ ಸಾಕಿಕೊಂಡವನು ಎತ್ತಿ ಒಯ್ಯಬಲ್ಲ ಪೆಂಡಿಯನ್ನೇ ಕೇಳುತ್ತಾನೆ. ಸಣ್ಣದಾಗಿ ಆರಂಭಿಸುವವರು ಸಣ್ಣ ಗಿರಾಕಿಗಳನ್ನೇ ನೆಚ್ಚಿಕೊಳ್ಳಬೇಕಾದ್ದರಿಂದ ಚೌಕ ಪೆಂಡಿಯೇ ಮೇಲು ಎಂಬುದು ನನ್ನ ಅಭಿಪ್ರಾಯ, ಸೊಂಟನೋವು ಇದ್ದರೂ.

ಹಳೆಯ ಚೌಕ ಬೇಲರ್ ಕೊಳ್ಳುವವರು ಬಣ್ಣವನ್ನು ನೋಡದೆ ನಾಟರ್ ನೋಡಬೇಕು. ಹುರಿಗೆ ಗಂಟು ಹಾಕುವ ಈ ಭಾಗ ಅಂಗೈಯಗಲದ್ದು. 19ನೆಯ ಶತಮಾನದಲ್ಲಿ ಜಾನ್ ಆ್ಯಪಲ್‌ಬಿ ಎಂಬಾತ ಧಾನ್ಯದ ಸಿವುಡು ಕಟ್ಟುವ ಯಂತ್ರಕ್ಕೆಂದು ರೂಪಿಸಿದ ಕೊಕ್ಕಿನ ವಂಶದ್ದೇ ಇಂದಿಗೂ ಬೇಲರ್‌ಗಳಲ್ಲಿದೆ. ಹಕ್ಕಿಯ ಕೊಕ್ಕಿನಂಥ ಒಂದು ತುಂಡು ಸುತ್ತು ತಿರುಗಿ, ಬಾಯಿ ತೆರೆದು ಹುರಿಯ ಎರಡೂ ತುದಿಗಳನ್ನು ಕಚ್ಚುತ್ತದೆ, ಚಾಕು ಹುರಿಯನ್ನು ಕಡಿಯುತ್ತದೆ, ಒರೆಸುವ ತೋಳು ಗಂಟನ್ನು ಕೊಕ್ಕಿನಿಂದ ಜಾರಿಸಿ ಬಿಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನನ್ನ ಮೊದಲ ಬೇಲರ್ ಪ್ರತಿ ಮೂರನೆಯ ಪೆಂಡಿಗೆ ಒಂದು ಬದಿಯ ಗಂಟು ಬಿಡುತ್ತಿತ್ತು. ಹುರಿ ಸರಿಯಿಲ್ಲವೆಂದು ಹುರಿ ಬದಲಿಸಿದೆ, ಬಿಗಿ ಹೆಚ್ಚಾಯಿತೆಂದು ಸ್ಪ್ರಿಂಗ್ ಸಡಿಲಿಸಿದೆ, ಕೊನೆಗೆ ನಾಟರ್ ಇಡಿಯಾಗಿ ಹೊಸದು ತರಲು ಹೊರಟಿದ್ದೆ. ಹಳೆಯ ಮೆಕ್ಯಾನಿಕ್ ಒಬ್ಬರು ಬಂದು ಫ್ಲೈವ್ಹೀಲನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸುತ್ತಾ ಒಂದು ಗಂಟು ಬೀಳುವವರೆಗೂ ಬಗ್ಗಿ ನೋಡಿದರು. ಬಿಟ್ಟುಹೋದ ಹುರಿಯ ತುದಿಯನ್ನು ಬೆರಳಲ್ಲಿ ಹಿಡಿದು, "ನೋಡಿ ಯಜಮಾನ್ರೇ, ಇದು ಕಡಿದ ತುದಿ ಅಲ್ಲ, ಹರಿದ ತುದಿ. ಗಂಟಿನದೇನೂ ತಪ್ಪಿಲ್ಲ, ಚಾಕು ಮೊಂಡಾಗಿದೆ" ಎಂದರು. ನಾರು ನಾರಾಗಿ ಕಿತ್ತಿದ್ದ ಆ ತುದಿ ಅಷ್ಟು ದಿನವೂ ನನ್ನ ಕಣ್ಣ ಮುಂದೆಯೇ ಬಿದ್ದಿತ್ತು. ಸಾಣೆಕಲ್ಲಿಗೆ ಹತ್ತು ನಿಮಿಷದ ಕೆಲಸವಾಯಿತು.

ಇದರ ಜತೆಗೇ ಹೇಳಬೇಕಾದ ಇನ್ನೊಂದು ವಿಷಯ ಶಿಯರ್ ಬೋಲ್ಟಿನದು. ಒಳಗೆ ಏನಾದರೂ ಸಿಕ್ಕಿಕೊಂಡಾಗ ತಾನು ಮುರಿದು ಯಂತ್ರವನ್ನು ಉಳಿಸಲೆಂದೇ ಇರುವ ಮೆದು ಬೋಲ್ಟ್ ಅದು. ಪದೇ ಪದೇ ಮುರಿಯುತ್ತದೆಂದು ಬೇಸತ್ತು ಗಟ್ಟಿ ಉಕ್ಕಿನ ಬೋಲ್ಟ್ ಹಾಕುವವರಿದ್ದಾರೆ. ಆಗ ಮುರಿಯುವ ಸರದಿ ಗೇರ್‌ಬಾಕ್ಸ್‌ನದು. ಸರಿಯಾದ ಅಳತೆಯ ಹತ್ತು ಬೋಲ್ಟು, ಹುರಿಯ ಎರಡು ಉಂಡೆ, ಗ್ರೀಸ್ ಗನ್, ಕೊಕ್ಕಿನದೊಂದು ಬದಲಿ ತುಂಡು ಹೊಲಕ್ಕೇ ಬರಬೇಕು. ಪೇಟೆಗೆ ಹೋಗಿ ತರುವಷ್ಟರಲ್ಲಿ ಇಬ್ಬನಿ ಇಳಿದಿರುತ್ತದೆ. ಟ್ರ್ಯಾಕ್ಟರ್ ಎಂಜಿನ್ನಿನ ಶಕ್ತಿಯನ್ನು ಬೇಲರ್ ಯಂತ್ರಕ್ಕೆ ಮುಟ್ಟಿಸುವ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಅದರ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದು ಹಾಕಿಸದೆ ಯಂತ್ರ ಮುಟ್ಟಬಾರದು, ಸಿಕ್ಕಿಕೊಂಡ ಹುಲ್ಲನ್ನು ಎಂಜಿನ್ ನಿಲ್ಲಿಸದೆ ಎಳೆಯಬಾರದು. ಪಂಚೆಯ ಅಂಚು, ಶಾಲಿನ ಚುಂಗು, ಸಡಿಲ ತೋಳು ಯಾವುದಾದರೂ ಅದಕ್ಕೆ ಒಂದೇ.

ಇನ್ನು, ಲೇಖನ ಒಂದೇ ವಾಕ್ಯದಲ್ಲಿ ಮುಗಿಸಿದ, ನನ್ನ ಪಾಲಿಗೆ ಅತಿ ಮುಖ್ಯವಾದ ತೇವಾಂಶದ ಪ್ರಶ್ನೆ. ಚೆನ್ನಾಗಿ ಒಣಗಿದ ಮೇಲೆ ಕಟ್ಟಬೇಕು ಎಂದರೆ ಸಾಲದು. ಸಣ್ಣ ಚೌಕ ಪೆಂಡಿಗೆ ಶೇ 18ರೊಳಗೆ ಇರಬೇಕು, ದೊಡ್ಡ ಗಾತ್ರದ ಬಿಗಿ ಪೆಂಡಿಗಳಿಗೆ ಶೇ 15ರ ಹತ್ತಿರಕ್ಕೆ ಬರಬೇಕು, ಏಕೆಂದರೆ ಪೆಂಡಿ ದೊಡ್ಡದಾದಷ್ಟೂ ಒಳಗಿನ ಬಿಸಿಗೆ ಹೊರದಾರಿ ಇರುವುದಿಲ್ಲ. ಅನುಭವಿಗಳು ಒಂದು ಹಿಡಿ ಹುಲ್ಲನ್ನು ಹಿಂಡಿದಂತೆ ತಿರುಚಿ, ದಂಟು ಪಟಪಟ ಮುರಿಯಿತೇ, ಗಿಣ್ಣನ್ನು ಉಗುರಿನಿಂದ ಕೆರೆದರೆ ಸಿಪ್ಪೆ ಏಳುತ್ತದೆಯೇ ಎಂದು ನೋಡಿ ಹೇಳುತ್ತಾರೆ. ಸಿಪ್ಪೆ ಎದ್ದರೆ ಒಳಗೆ ಹಸಿ ಇದೆ ಎಂದರ್ಥ. ಕೈಗೆ ಈ ವಿದ್ಯೆ ಹತ್ತುವವರೆಗೆ ತಕ್ಕಡಿಯನ್ನು ನಂಬಬಹುದು. ಸಾಲಿನ ಅಡಿಯಿಂದಲೂ ಸೇರಿಸಿ 100 ಗ್ರಾಂ ಹುಲ್ಲನ್ನು ತೂಗಿ, ಮೈಕ್ರೋವೇವ್ ಒಲೆಯಲ್ಲಿ ಪಕ್ಕಕ್ಕೊಂದು ಲೋಟ ನೀರಿಟ್ಟು ಸ್ವಲ್ಪ ಸ್ವಲ್ಪವೇ ಒಣಗಿಸುತ್ತಾ, ತೂಕ ಇನ್ನು ಇಳಿಯದು ಎನ್ನುವವರೆಗೆ ಮತ್ತೆ ಮತ್ತೆ ತೂಗಬೇಕು. 82 ಗ್ರಾಂಗೆ ನಿಂತರೆ ತೇವಾಂಶ ಶೇ 18. ಪೆಂಡಿಗೆ ಚುಚ್ಚುವ ಮೀಟರ್‌ಗಳೂ ಸಿಗುತ್ತವೆ. ಅವು ಪೆಂಡಿಯ ಬಿಗಿಯನ್ನು ಅನುಸರಿಸಿ ಅಂಕಿ ಬದಲಿಸುವುದರಿಂದ ಒಂದೇ ಕಡೆ ಚುಚ್ಚಿ ನಂಬಬಾರದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಎರಡನೆಯ ವರ್ಷ ಒಂದು ಸಂಜೆ ಪಡುವಣದಲ್ಲಿ ಮೋಡ ಕಂಡು, ಇನ್ನರ್ಧ ದಿನ ಬಿಸಿಲು ಬೇಕಿದ್ದ ಹುಲ್ಲನ್ನು ಅವಸರವಸರವಾಗಿ ಕಟ್ಟಿ ಶೆಡ್ಡಿಗೆ ತುಂಬಿದೆ. ಅಂದು ಮಳೆ ಬರಲೇ ಇಲ್ಲ. ಐದಾರು ದಿನಗಳ ಮೇಲೆ ಶೆಡ್ಡಿನ ಬಾಗಿಲು ತೆರೆದರೆ ಬೆಲ್ಲದ ಪಾಕ ತುಸು ಸೀದಂಥ ವಾಸನೆ. ಮೊದಲಿಗೆ ಅದು ಹಿತವಾಗಿಯೇ ಇತ್ತೆಂದು ಹೇಳಲು ನಾಚಿಕೆಯಾಗುತ್ತದೆ. ರಾಶಿಯ ನಡುವಿಗೆ ಕಬ್ಬಿಣದ ಸಲಾಕೆಯೊಂದನ್ನು ತಿವಿದು, ಕಾಲು ಗಂಟೆ ಬಿಟ್ಟು ಎಳೆದು ಹಿಡಿದರೆ ಅಂಗೈ ತಾಳಲಿಲ್ಲ, ಸಲಾಕೆ ಕೆಳಗೆ ಬಿತ್ತು. ಪುಣ್ಯಕ್ಕೆ ಬೆಂಕಿಯ ಹಂತಕ್ಕೆ ಹೋಗಿರಲಿಲ್ಲ. ಇಡೀ ರಾಶಿಯನ್ನು ಬಯಲಿಗೆ ಎಳೆದು ಹರಡಿದೆವು. ನಡುವಿನ ಪೆಂಡಿಗಳು ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿದ್ದವು, ಬಿಚ್ಚಿದರೆ ಬಿಳಿ ಬೂಷ್ಟಿನ ದೂಳು.

ಒಳಗೆ ನಡೆದದ್ದು ಇಷ್ಟು. ಹಸಿ ಉಳಿದ ಹುಲ್ಲಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಬಿಸಿ ಹುಟ್ಟಿಸುತ್ತವೆ. ಆ ಬಿಸಿ ರಾಶಿಯ ನಡುವೆ ಸಿಕ್ಕಿಕೊಂಡು ಏರುತ್ತದೆ. ಒಂದು ಹಂತದ ಮೇಲೆ ಆ ಜೀವಿಗಳೇ ಸತ್ತರೂ ರಾಸಾಯನಿಕ ಕ್ರಿಯೆಗಳು ಬಿಸಿಯನ್ನು ಮುಂದುವರಿಸುತ್ತವೆ. 40 ಡಿಗ್ರಿ ಸೆಲ್ಸಿಯಸ್ ದಾಟಿ ಹಲವು ದಿನ ನಿಂತರೆ ಪ್ರೋಟೀನ್ ಸಕ್ಕರೆಯೊಂದಿಗೆ ಅಂಟಿಕೊಂಡು ದನಕ್ಕೆ ಜೀರ್ಣವಾಗದಂತಾಗುತ್ತದೆ. ಕಂದು ಬಣ್ಣ, ಪಾಕದ ವಾಸನೆ ಎರಡೂ ಅದರದೇ ಗುರುತು. ದನ ಇಷ್ಟಪಟ್ಟು ತಿಂದರೂ ಮೈಗೆ ಹತ್ತುವುದಿಲ್ಲ. 65 ಡಿಗ್ರಿ ಮುಟ್ಟಿತೆಂದರೆ ದಿನಕ್ಕೆ ಎರಡು ಮೂರು ಸಲ ಅಳೆಯಬೇಕು. 80ರ ಹತ್ತಿರ ಬಂದರೆ ರಾಶಿಯನ್ನು ಮುಟ್ಟದೆ ಮೊದಲು ಅಗ್ನಿಶಾಮಕ ದಳವನ್ನು ಕರೆಯಬೇಕು, ಏಕೆಂದರೆ ನಾವು ಪೆಂಡಿ ಎಳೆದ ಕೂಡಲೇ ಒಳಗೆ ಗಾಳಿ ನುಗ್ಗಿ ಭಗ್ಗೆಂದು ಹತ್ತಿಕೊಳ್ಳಬಹುದು. ಬಿಸಿ ರಾಶಿಯ ಮೇಲೆ ಹತ್ತಿ ನಡೆಯುವುದೂ ಅಪಾಯ. ಒಳಗೆ ಸುಟ್ಟು ಟೊಳ್ಳಾಗಿದ್ದರೆ ಮನುಷ್ಯ ಅದರೊಳಕ್ಕೆ ಕುಸಿಯುತ್ತಾನೆ. ಹೊಸ ಪೆಂಡಿಗಳನ್ನು ಕನಿಷ್ಠ ಮೂರು ವಾರ, ಅನುಮಾನವಿದ್ದರೆ ಆರು ವಾರ ಗಮನಿಸುತ್ತಿರಬೇಕು. ಬೂಷ್ಟು ಹಿಡಿದ ಪೆಂಡಿಯನ್ನು ಮುಚ್ಚಿದ ಕೊಠಡಿಯಲ್ಲಿ ಬಿಚ್ಚುವವರ ಶ್ವಾಸಕೋಶಕ್ಕೂ ಆ ದೂಳು ಕೆಡುಕು. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಬರುವ ಕಾಯಿಲೆಗೆ ವೈದ್ಯರು ರೈತರ ಶ್ವಾಸಕೋಶದ ರೋಗವೆಂದೇ ಹೆಸರಿಟ್ಟಿದ್ದಾರೆ.

ಸೂರು ಮೊದಲು ಎಂದು ಹೇಳಿದ್ದಕ್ಕೆ ಒಂದು ಲೆಕ್ಕ ಕೊಟ್ಟುಬಿಡುತ್ತೇನೆ. ಒಂದೂವರೆ ಮೀಟರ್ ವ್ಯಾಸದ ಉರುಳೆ ಪೆಂಡಿಯನ್ನು ಬಯಲಲ್ಲಿ ಬಿಟ್ಟು, ಮಳೆಗೆ ಹೊರಗಿನ ಗೇಣುದ್ದಕ್ಕಿಂತ ಕಡಿಮೆ, ಬರೀ 15 ಸೆಂಟಿಮೀಟರ್ ಸುತ್ತು ಕೆಟ್ಟಿತೆನ್ನೋಣ. ನೋಡುವವರಿಗೆ ಅದು ಸಿಪ್ಪೆ ಮಾತ್ರ. ಆದರೆ ಉಳಿದ ತಿರುಳಿನ ವ್ಯಾಸ 120 ಸೆಂಟಿಮೀಟರ್. ಗುಣಿಸಿ ನೋಡಿದರೆ ಪೆಂಡಿಯ ಶೇ 36 ಭಾಗ ಹೋಗಿದೆ. ಶೆಡ್ಡಿನೊಳಗೂ ನೆಲಕ್ಕೆ ನೇರವಾಗಿ ಇಡದೆ ಮರದ ಹಲಗೆಗಳ ಮೇಲೆ ಜೋಡಿಸಬೇಕು, ಇಲ್ಲದಿದ್ದರೆ ಅಡಿಯ ಸಾಲು ನೆಲದ ತೇವ ಕುಡಿದು ಮುಗ್ಗುತ್ತದೆ. ಸೂರಿನಲ್ಲಿ ಎಷ್ಟು ಪೆಂಡಿಗೆ ಜಾಗವಿದೆಯೋ ಅಷ್ಟೇ ಕಟ್ಟಬೇಕೆಂಬ ನಿಯಮ ಮಾಡಿಕೊಂಡ ವರ್ಷದಿಂದ ನನ್ನ ನಷ್ಟ ಅರ್ಧಕ್ಕೆ ಇಳಿಯಿತು. ಸುಗ್ಗಿಯಲ್ಲಿ ಎಲ್ಲರ ಹತ್ತಿರವೂ ಹುಲ್ಲು ಇರುತ್ತದೆ, ಆಗ ಮಾರುವವನು ಕೊಳ್ಳುವವನ ಬೆಲೆಗೇ ಮಾರಬೇಕು. ಕಾದು ಮಾರುವ ಶಕ್ತಿಯನ್ನು ಕೊಡುವುದು ಶೆಡ್ಡು.

ಬಿಡುವಿನ ಸಮಯದಲ್ಲಿ ಬೇರೆಯವರ ಹೊಲದಲ್ಲೂ ಪೆಂಡಿ ಕಟ್ಟಿ ಬಾಡಿಗೆ ಗಳಿಸಬಹುದು ಎಂದು ಲೇಖನ ಸೂಚಿಸಿದೆ. ಈ ಸಲಹೆಯಲ್ಲಿ ಒಂದು ತೊಡಕಿದೆ. ಬಿಸಿಲು ಎಲ್ಲರ ಹೊಲದ ಮೇಲೂ ಒಂದೇ ದಿನ ಬೀಳುತ್ತದೆ. ನೆರೆಯವರ ಹುಲ್ಲು ಹದಕ್ಕೆ ಬರುವ ಮಧ್ಯಾಹ್ನವೇ ನಮ್ಮದೂ ಬರುತ್ತದೆ. ಆಗ ಮಾತು ಕೊಟ್ಟವರ ಹೊಲಕ್ಕೆ ಹೋದರೆ ನಮ್ಮ ಹುಲ್ಲು ಕೆಡುತ್ತದೆ, ಹೋಗದಿದ್ದರೆ ಮಾತು ಕೆಡುತ್ತದೆ. ಯಾವ ಬಾಡಿಗೆಯವನು ತಡವಾಗಿ ಬಂದನೆಂದು ಬೈದು ನಾವು ಸ್ವಂತ ಬೇಲರ್ ತಂದೆವೋ, ಅವನ ಜಾಗದಲ್ಲೇ ನಾವೀಗ ನಿಂತಿರುತ್ತೇವೆ. ಕಾಳು ಒಕ್ಕಿದ ಹುಲ್ಲನ್ನು ಕಟ್ಟಿಕೊಡುವ ಬಾಡಿಗೆಯನ್ನು ಮಾತ್ರ ನಾನು ಒಪ್ಪಿಕೊಳ್ಳುತ್ತೇನೆ. ಅದರ ಕಾಲ ಬೇರೆ, ಎರಡು ದಿನ ಆಚೀಚೆಯಾದರೂ ಅದು ಕಾಯುತ್ತದೆ.

ವ್ಯಾಪಾರದ ಬಗ್ಗೆ ಎರಡೇ ಮಾತು. ಪೆಂಡಿಯ ಲೆಕ್ಕದಲ್ಲಿ ಮಾರಬೇಡಿ, ತೂಕಕ್ಕೆ ಮಾರಿ. ಒಂದೇ ಬೇಲರ್ ಬೆಳಿಗ್ಗೆ ಕಟ್ಟಿದ ಪೆಂಡಿಗೂ ಸಂಜೆ ಕಟ್ಟಿದ್ದಕ್ಕೂ ಮೂರು ನಾಲ್ಕು ಕಿಲೋ ವ್ಯತ್ಯಾಸ ಇರುತ್ತದೆ, ಜಗಳ ಅಲ್ಲಿಂದಲೇ ಶುರುವಾಗುತ್ತದೆ. ಪ್ರತಿ ಕೊಯ್ಲಿಗೂ ಕೊಯ್ದ ದಿನ, ಕಟ್ಟಿದ ದಿನ, ತೇವಾಂಶ, ಮಳೆ ಬಿದ್ದಿತೇ ಇಲ್ಲವೇ ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟು ಕೇಳಿದವರಿಗೆ ತೋರಿಸಿ. ಮಳೆ ತಿಂದ ಹುಲ್ಲನ್ನು ಹಾಗೆಂದು ಹೇಳಿಯೇ ಕಡಿಮೆಗೆ ಕೊಟ್ಟಾಗ ನನ್ನ ಗಿರಾಕಿಗಳು ಹೆಚ್ಚಾದರೇ ಹೊರತು ಕಡಿಮೆಯಾಗಲಿಲ್ಲ.

ಆ ಪುಸ್ತಕದಿಂದಲೇ ಯಂತ್ರದ ಗಾತ್ರವೂ ಗೊತ್ತಾಗುತ್ತದೆ. ಒಂದು ಒಣ ಗೊಂಚಲು ಮೂರು ದಿನದ್ದಾದರೆ ಮೊದಲ ದಿನ ಇಬ್ಬನಿ ಆರಿದ ಮೇಲೆ ಕೊಯ್ಲು, ಎರಡನೆಯ ದಿನ ತಿರುವುವುದು, ಮೂರನೆಯ ದಿನ ಬೆಳಿಗ್ಗೆ ಸಾಲು ಮಾಡಿ ಮಧ್ಯಾಹ್ನದಿಂದ ಇಳಿಹೊತ್ತಿನವರೆಗೆ ಕಟ್ಟುವುದು. ಬೇಲರ್‌ಗೆ ಸಿಗುವುದು ನಾಲ್ಕೈದು ಗಂಟೆ, ಅದರಲ್ಲಿ ಹುರಿ ಹಾಕುವುದಕ್ಕೂ ಬೋಲ್ಟ್ ಬದಲಿಸುವುದಕ್ಕೂ ಒಂದು ಗಂಟೆ ಹೋಗುತ್ತದೆ. ಉಳಿದ ಮೂರು ನಾಲ್ಕು ಗಂಟೆಯಲ್ಲಿ ಕಟ್ಟಿ ಒಳಗೆ ಸೇರಿಸಬಲ್ಲಷ್ಟನ್ನೇ ಮೊದಲ ದಿನ ಕೊಯ್ಯಬೇಕು. ಕೊಯ್ಯುವ ಯಂತ್ರ ವೇಗವಾಗಿದೆಯೆಂದು ಇನ್ನೆರಡು ಎಕರೆ ಉರುಳಿಸುವ ಆಸೆ ಬಂದಾಗ ಮೂರನೆಯ ದಿನದ ಇಳಿಹೊತ್ತನ್ನು ನೆನಪಿಸಿಕೊಳ್ಳಬೇಕು.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ನಿಮ್ಮ ಪತ್ರಿಕೆಯ ಹವಾಮಾನದ ಅಂಕಣದಲ್ಲಿ ಗರಿಷ್ಠ ಕನಿಷ್ಠ ಉಷ್ಣಾಂಶ ಮತ್ತು ಮಳೆಯ ಸಾಧ್ಯತೆ ಮಾತ್ರ ಇರುತ್ತದೆ. ಹುಲ್ಲು ಒಣಗಿಸುವವರಿಗೆ ಅದಕ್ಕಿಂತ ಹೆಚ್ಚು ಬೇಕಾಗಿರುವುದು ಮುಂದಿನ ಮೂರು ದಿನಗಳ ಗಾಳಿಯ ವೇಗ ಮತ್ತು ಮಧ್ಯಾಹ್ನದ ಆರ್ದ್ರತೆ. ಮಳೆ ಬಾರದಿದ್ದರೂ ಗಾಳಿಯಲ್ಲೇ ತೇವ ತುಂಬಿದ್ದರೆ ಹುಲ್ಲು ಶೇ 20ರಿಂದ ಕೆಳಗೆ ಇಳಿಯದೆ ಹಟ ಹಿಡಿದು ನಿಲ್ಲುತ್ತದೆ. ಕೃಷಿ ಪುಟದ ಒಂದು ಮೂಲೆಯಲ್ಲಿ ಆ ಎರಡು ಅಂಕಿಗಳಿಗೆ ಜಾಗ ಮಾಡಿಕೊಟ್ಟರೆ ನನ್ನಂಥವರು ಬೆಳಿಗ್ಗೆ ಪತ್ರಿಕೆಯನ್ನು ಹಿಂದಿನ ಪುಟದಿಂದ ಓದಲು ಆರಂಭಿಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಮೇವು ತಯಾರಕ